ಮುದ್ರೆ ಒತ್ತುವ ಅರಿವು

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಪ್ರೌಢಶಾಲಾ ಶಿಕ್ಷಕರೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)

 

ಕಳೆದ ತಿಂಗಳ ಗೋಷ್ಠಿ ಮುಗಿದ ಮೇಲೆ ಅಪ್ಪಗಳವರು ನನ್ನನ್ನು ಕರೆದು, "ಮಾಸ್ತರರೇ, ಪಂಚಾಯಿತಿ ಚುನಾವಣೆ ಬರ್ತಾ ಇದೆ. ಮತ ಹಾಕುವುದು ಹೇಗೆ ಅನ್ನುವುದನ್ನು ಮುಂದಿನ ಸಲ ನೀವು ಹೇಳಬೇಕು" ಎಂದು ಅಪ್ಪಣೆ ಕೊಡಿಸಿದರು. ಇದನ್ನು ಕೇಳಿದ ನನ್ನ ಗೆಳೆಯರೊಬ್ಬರಿಗೆ ಆಶ್ಚರ್ಯವಾಯಿತು. "ಅನುಭಾವದ ಗೋಷ್ಠಿಯಲ್ಲಿ ಮತಪತ್ರದ ಪಾಠವೇ? ಅದನ್ನು ಸರ್ಕಾರದವರು ಹೇಳಿಕೊಡುತ್ತಾರಲ್ಲ" ಎಂದರು. ಅವರಿಗೆ ಅಂದು ನಾನು ಉತ್ತರ ಕೊಡಲಿಲ್ಲ. ಇವತ್ತು ಕೊಡುತ್ತೇನೆ.

ನಾನು ಮೂವತ್ತು ವರ್ಷ ಮೇಷ್ಟ್ರಾಗಿದ್ದವನು. ಮೇಷ್ಟ್ರು ಎಂದ ಮೇಲೆ ಚುನಾವಣಾ ಕರ್ತವ್ಯ ತಪ್ಪಿದ್ದಲ್ಲ. ಮತಗಟ್ಟೆಯಲ್ಲೂ ಕೂತಿದ್ದೇನೆ, ಎಣಿಕೆಯ ಮೇಜಿನಲ್ಲೂ ಕೂತಿದ್ದೇನೆ. ಒಂದು ಸಲ ಗ್ರಾಮ ಪಂಚಾಯಿತಿ ಎಣಿಕೆಗೆ ಹೋಗಿದ್ದೆ. ಊರು ಯಾವುದೆಂದು ಹೇಳುವುದಿಲ್ಲ, ಹೇಳಲೂಬಾರದು. ಆ ವಾರ್ಡಿನ ಕೊನೆಯ ಸ್ಥಾನಕ್ಕೆ ಇಬ್ಬರು ಅಭ್ಯರ್ಥಿಗಳ ಮತಗಳು ಸಮ ಸಮ ಬಂದವು. ಮತ್ತೊಮ್ಮೆ ಎಣಿಸಿದೆವು. ಆಗಲೂ ಸಮ. ಹಾಗಾದಾಗ ಚೀಟಿ ಎತ್ತಬೇಕೆಂದು ನಿಯಮವಿದೆ. ಚುನಾವಣಾಧಿಕಾರಿಗಳು ಎಲ್ಲರ ಎದುರು ಚೀಟಿ ಎತ್ತಿದರು. ಒಬ್ಬರು ಗೆದ್ದರು, ಒಬ್ಬರು ಸೋತರು.

ಮೇಜಿನ ಪಕ್ಕದಲ್ಲಿ ತಿರಸ್ಕೃತ ಮತಪತ್ರಗಳ ಕಟ್ಟು ಇತ್ತು. ಅದರಲ್ಲಿ ಒಂದು ನನ್ನ ಕಣ್ಣಿನಿಂದ ಇವತ್ತಿಗೂ ಹೋಗಿಲ್ಲ. ಆ ಇಬ್ಬರಲ್ಲಿ ಒಬ್ಬರ ಚಿಹ್ನೆಯ ಮೇಲೆ ಸರಿಯಾಗಿ ನಡುವೆ ಒಂದು ಹೆಬ್ಬೆಟ್ಟಿನ ಗುರುತು. ಮೊಹರಿನ ಗುರುತು ಎಲ್ಲೂ ಇಲ್ಲ. ಯಾರಿಗೆ ಮತ ಹಾಕಬೇಕೆಂಬುದು ಆ ಜೀವಕ್ಕೆ ಸ್ಪಷ್ಟವಾಗಿ ಗೊತ್ತಿತ್ತು. ಆದರೆ ಆ ಮತ ಎಣಿಕೆಗೆ ಬರಲಿಲ್ಲ. ಹೆಬ್ಬೆಟ್ಟಿನಿಂದ ಮತದಾರರು ಯಾರೆಂದು ಪತ್ತೆ ಹಚ್ಚಬಹುದು, ಹಾಗೆ ಪತ್ತೆಯಾಗುವಂಥ ಗುರುತು ಇದ್ದರೆ ಮತ ಅಸಿಂಧು.

ಗೆದ್ದವರು ಒಳ್ಳೆಯವರೋ ಸೋತವರು ಒಳ್ಳೆಯವರೋ ನನಗೆ ಗೊತ್ತಿಲ್ಲ. ನನ್ನ ಚಿಂತೆ ಅದಲ್ಲ. ಆ ಊರಿನ ಒಂದು ಸ್ಥಾನವನ್ನು ಊರಿನ ಜನ ಆರಿಸಲಿಲ್ಲ, ಚೀಟಿ ಆರಿಸಿತು.

ಆ ರಾತ್ರಿ ಮನೆಗೆ ಬಂದು ನನ್ನ ಅವ್ವನ ಹತ್ತಿರ ಇದನ್ನು ಹೇಳಿದೆ. ಅವ್ವ ಅಕ್ಷರ ಕಲಿತವಳಲ್ಲ. ಆದರೆ ನಿತ್ಯ ಲಿಂಗಪೂಜೆ ತಪ್ಪಿಸಿದವಳಲ್ಲ, ನೂರಾರು ವಚನ ಬಾಯಲ್ಲೇ ಹೇಳುತ್ತಿದ್ದಳು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಯಾರಿಗೆ ಒತ್ತಬೇಕು ಅಂತ ಊರಾಗ ಎಲ್ಲಾರೂ ಬಂದು ಹೇಳ್ತಾರಪ್ಪಾ. ಹೆಂಗ ಒತ್ತಬೇಕು ಅಂತ ಒಬ್ಬರೂ ಹೇಳಂಗಿಲ್ಲ. ನೀನೂ ಹೇಳಿಲ್ಲ."

ನಾನು ಊರೂರು ತಿರುಗಿ ವಚನ ಸಾಹಿತ್ಯದ ಮೇಲೆ ಉಪನ್ಯಾಸ ಮಾಡಿದವನು. ಅನುಭವ ಮಂಟಪದಲ್ಲಿ ಎಲ್ಲ ಕಾಯಕದವರೂ, ಹೆಣ್ಣುಮಕ್ಕಳೂ ಸಮನಾಗಿ ಕೂತು ಮಾತನಾಡಿದರೆಂದು ಎದೆಯುಬ್ಬಿಸಿ ಹೇಳಿದವನು. ನನ್ನ ಸ್ವಂತ ತಾಯಿಗೆ ಮತಪತ್ರ ಮಡಚುವುದನ್ನು ಹೇಳಿಕೊಟ್ಟಿರಲಿಲ್ಲ. ಗೆಳೆಯರ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಸಮಾನತೆಯ ಮಾತು ಹೇಳುವವರು ಆ ಸಮಾನತೆ ಕೈಗೆ ಬರುವ ಒಂದು ಗಳಿಗೆಯಲ್ಲಿ ಜನರ ಪಕ್ಕದಲ್ಲಿ ಇಲ್ಲದಿದ್ದರೆ ನಮ್ಮ ಮಾತು ಮಾತಾಗಿಯೇ ಉಳಿಯುತ್ತದೆ.

ಒಂದು ಮತದಿಂದ ಏನಾಗುತ್ತದೆ ಎನ್ನುವವರು ನಮ್ಮ ರಾಜ್ಯದ್ದೇ ಒಂದು ಸಂಗತಿ ನೆನಪಿಡಿ. 2004ರ ವಿಧಾನಸಭಾ ಚುನಾವಣೆಯಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರ ವಿರುದ್ಧ ಗೆದ್ದದ್ದು ಒಂದೇ ಒಂದು ಮತದಿಂದ. ಇಬ್ಬರಿಗೂ ನಲವತ್ತು ಸಾವಿರ ದಾಟಿ ಮತ ಬಂದಿತ್ತು. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಗೆಲುವಿನ ಅಂತರ 16 ಮತ. ಅಲ್ಲಿ ರಾತ್ರಿಯವರೆಗೆ ವಾದ ನಡೆದದ್ದು ತಿರಸ್ಕೃತವಾದ ಅಂಚೆ ಮತಗಳ ಬಗ್ಗೆ. ವಿಧಾನಸಭೆಯ ಕಥೆಯೇ ಹೀಗಿದ್ದರೆ, ಕೆಲವೇ ನೂರು ಮತದಾರರಿರುವ ಪಂಚಾಯಿತಿ ವಾರ್ಡಿನಲ್ಲಿ ಒಂದು ಮತದ ತೂಕ ಎಷ್ಟೆಂದು ನೀವೇ ಲೆಕ್ಕ ಹಾಕಿ.

ಇನ್ನು ಪಾಠಕ್ಕೆ ಬರೋಣ. ಮೊದಲು ಗ್ರಾಮ ಪಂಚಾಯಿತಿ.

ಲೋಕಸಭೆ, ವಿಧಾನಸಭೆಯ ಚುನಾವಣೆಯನ್ನು ನಡೆಸುವುದು ಭಾರತದ ಚುನಾವಣಾ ಆಯೋಗ. ಪಂಚಾಯಿತಿ ಚುನಾವಣೆಯನ್ನು ನಡೆಸುವುದು ಕರ್ನಾಟಕ ರಾಜ್ಯ ಚುನಾವಣಾ ಆಯೋಗ. ಎರಡೂ ಬೇರೆ ಬೇರೆ. 2020ರ ಡಿಸೆಂಬರಿನಲ್ಲಿ ಎರಡು ಹಂತಗಳಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ನಡೆದಾಗ ಬೀದರ್ ಜಿಲ್ಲೆಯಲ್ಲಿ ಮತಯಂತ್ರ ಇತ್ತು, ಉಳಿದೆಡೆ ಕಾಗದದ ಮತಪತ್ರ ಮತ್ತು ರಬ್ಬರ್ ಮೊಹರು. ಹಾಗಾಗಿ ಮೊಹರು ಒತ್ತುವ ಅಭ್ಯಾಸ ನಮಗೆ ಬೇಕೇ ಬೇಕು. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ. ಆಟೋ, ಹೊಲಿಗೆ ಯಂತ್ರ, ತೆಂಗಿನಕಾಯಿ ಇಂಥ ಬಿಡಿ ಚಿಹ್ನೆಗಳು ಇರುತ್ತವೆ. ನಿಮ್ಮ ಅಭ್ಯರ್ಥಿಯ ಚಿಹ್ನೆ ಯಾವುದೆಂದು ಮನೆಯಲ್ಲೇ ತಿಳಿದುಕೊಂಡು ಹೋಗಿ. ಒಳಗೆ ಹೋಗಿ ಹುಡುಕಿದರೆ ಗಾಬರಿಯಾಗುತ್ತದೆ, ಗಾಬರಿಯಾದರೆ ಕೈ ತಪ್ಪುತ್ತದೆ.

ಮತಗಟ್ಟೆಯೊಳಗೆ ಹೋದಾಗ ಮೊದಲ ಅಧಿಕಾರಿ ನಿಮ್ಮ ಹೆಸರನ್ನು ಪಟ್ಟಿಯಲ್ಲಿ ನೋಡಿ ಗಟ್ಟಿಯಾಗಿ ಓದುತ್ತಾರೆ. ಅಲ್ಲಿ ಕೂತಿರುವ ಏಜೆಂಟರಿಗೆ ಕೇಳಲಿ ಎಂದು. ಗುರುತಿನ ಚೀಟಿ ಕೈಯಲ್ಲಿರಲಿ. ಆಮೇಲೆ ಎಡಗೈಯ ತೋರುಬೆರಳಿಗೆ ಅಳಿಸಲಾಗದ ಶಾಯಿ ಹಚ್ಚುತ್ತಾರೆ. ಈ ಶಾಯಿ ನಮ್ಮ ಮೈಸೂರಿನದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಶುರುವಾದ ಮೈಸೂರಿನ ಬಣ್ಣದ ಕಾರ್ಖಾನೆ 1962ರಿಂದ ದೇಶದ ಚುನಾವಣೆಗಳಿಗೆ ಇದನ್ನು ಮಾಡಿಕೊಡುತ್ತಿದೆ. ಬೆರಳಿಗೆ ಹಚ್ಚಿದ್ದನ್ನು ಒರೆಸಿಕೊಳ್ಳಬೇಡಿ, ಒಣಗಲು ಬಿಡಿ. ಹಸಿ ಶಾಯಿಯ ಬೆರಳಿನಲ್ಲಿ ಮತಪತ್ರ ಮುಟ್ಟಿದರೆ ಬೇಡದ ಕಡೆ ಕಲೆಯಾಗುತ್ತದೆ.

ಮುಂದಿನದನ್ನು ತಾಯಂದಿರು, ಅದರಲ್ಲೂ ಸಹಿ ಮಾಡಲು ಬಾರದ ಹಿರಿಯರು ಗಮನವಿಟ್ಟು ಕೇಳಿ. ಮತಪತ್ರ ಕೊಡುವ ಮುಂಚೆ ಅದರ ಪ್ರತಿಪತ್ರದ ಮೇಲೆ, ಅಂದರೆ ಪುಸ್ತಕದಲ್ಲೇ ಉಳಿಯುವ ತುಂಡಿನ ಮೇಲೆ, ನಿಮ್ಮ ಸಹಿ ಅಥವಾ ಹೆಬ್ಬೆಟ್ಟು ತೆಗೆದುಕೊಳ್ಳುತ್ತಾರೆ. ಹೆಬ್ಬೆಟ್ಟಿನ ಕೆಲಸ ಅಲ್ಲಿಗೆ ಮುಗಿಯಿತು. ಆ ಎಣಿಕೆ ಮೇಜಿನ ಮುಂದೆ ಕೂತು ನನಗೆ ಹೊಳೆದದ್ದು ಇದು: ಹೊರಗೆ "ಇಲ್ಲಿ ಹೆಬ್ಬೆಟ್ಟು ಒತ್ತಮ್ಮ" ಎಂದಿರುತ್ತಾರೆ. ಶಾಯಿ ಬೆರಳಿನಲ್ಲಿ ಇನ್ನೂ ಹಸಿಯಾಗಿರುತ್ತದೆ. ಒಳಗೆ ಹೋಗಿ "ಇಲ್ಲೂ ಒತ್ತಬೇಕೇನೋ" ಎಂದು ಅದೇ ಬೆರಳನ್ನು ಒತ್ತಿಬಿಡುತ್ತಾರೆ. ಆ ತಪ್ಪು ದಡ್ಡತನದಿಂದ ಆದದ್ದಲ್ಲ. ಹೇಳಿದ ಮಾತನ್ನು ನಂಬಿ ಮಾಡಿದ್ದು. ಅದಕ್ಕೇ ನೆನಪಿಡಿ: ಹೊರಗೆ ಹೆಬ್ಬೆಟ್ಟು, ಒಳಗೆ ಮೊಹರು. ಹೆಬ್ಬೆಟ್ಟು ಒತ್ತಿದ ಮೇಲೆ ಬೆರಳನ್ನು ಒಂದು ಬಟ್ಟೆಗೆ ಚೆನ್ನಾಗಿ ಒರೆಸಿಕೊಂಡೇ ಮತಪತ್ರ ಹಿಡಿಯಿರಿ.

ಕೈಗೆ ಬಂದ ಮತಪತ್ರದ ಹಿಂಬದಿ ನೋಡಿ. ಅಲ್ಲಿ ಮತಗಟ್ಟೆಯ ಗುರುತಿನ ಮುದ್ರೆ ಮತ್ತು ಅಧಿಕಾರಿಯ ಸಹಿ ಇರಬೇಕು. ಅವಿಲ್ಲದಿದ್ದರೆ ಎಣಿಕೆಯಲ್ಲಿ ಅನುಮಾನ ಬರುತ್ತದೆ. "ಸಾಹೇಬರೇ, ಸಹಿ ಇಲ್ಲವಲ್ಲ" ಎಂದು ಕೇಳುವುದಕ್ಕೆ ಸಂಕೋಚ ಬೇಡ. ಹಾಗೆಯೇ, "ನಮ್ಮ ವಾರ್ಡಿನಲ್ಲಿ ಎಷ್ಟು ಸ್ಥಾನ? ನಾನು ಎಷ್ಟು ಮುದ್ರೆ ಒತ್ತಬಹುದು?" ಎಂದು ಆಗಲೇ ಕೇಳಿಬಿಡಿ. ವಿಧಾನಸಭೆಗೆ ಒಬ್ಬರಿಗೇ ಮತ. ಆದರೆ ನಮ್ಮ ಗ್ರಾಮ ಪಂಚಾಯಿತಿಯ ಒಂದು ವಾರ್ಡಿನಲ್ಲಿ ಎರಡು, ಮೂರು ಸದಸ್ಯ ಸ್ಥಾನಗಳು ಇರುವುದುಂಟು. ಎಷ್ಟು ಸ್ಥಾನವೋ ಅಷ್ಟು ಮತ ನಿಮಗಿದೆ. ಮೂರು ಸ್ಥಾನವಿದ್ದರೆ ಮೂವರಿಗೆ ಒಂದೊಂದು. ಇಬ್ಬರೇ ಸಾಕು ಎನ್ನಿಸಿದರೆ ಇಬ್ಬರಿಗೆ ಒತ್ತಿ ಬಿಡಬಹುದು, ತಪ್ಪಿಲ್ಲ. ನಾಲ್ವರಿಗೆ ಒತ್ತಿದರೆ ಮಾತ್ರ ಇಡೀ ಮತಪತ್ರ ಹಾಳು. ಇನ್ನು ಕೆಲವರು ಪ್ರೀತಿಯಿಂದ ಒಬ್ಬರಿಗೇ ಮೂರೂ ಒತ್ತುತ್ತಾರೆ. ಅದು ಮೂರು ಮತ ಆಗುವುದಿಲ್ಲ. ಒಬ್ಬ ಅಭ್ಯರ್ಥಿಗೆ ಒಬ್ಬ ಮತದಾರನ ಮತ ಒಂದೇ.

ಈಗ ಮೊಹರು. ಬಾಣದ ತುದಿಗಳಿರುವ ಅಡ್ಡಗುರುತಿನ ರಬ್ಬರ್ ಮೊಹರು ಅದು. ಅದನ್ನು ಅಭ್ಯರ್ಥಿಯ ಚಿಹ್ನೆಯ ಮೇಲಾಗಲಿ ಹೆಸರಿನ ಮೇಲಾಗಲಿ, ಅವರ ಮನೆಯೊಳಗೆ ಎಲ್ಲಿ ಒತ್ತಿದರೂ ಸರಿ. ಮನೆ ಎಂದರೆ ಒಬ್ಬೊಬ್ಬರಿಗೂ ಗೆರೆ ಹಾಕಿ ಬಿಟ್ಟಿರುವ ಜಾಗ. ಎರಡು ಮನೆಗಳ ನಡುವಿನ ಗೆರೆಯ ಮೇಲೆ ಒತ್ತಬೇಡಿ. ಮುದ್ರೆ ಅರ್ಧ ಇವರ ಮನೆಗೆ, ಅರ್ಧ ಅವರ ಮನೆಗೆ ಬಿದ್ದರೆ ಮತ ಯಾರದು ಎಂಬ ಅನುಮಾನ ಹುಟ್ಟುತ್ತದೆ. ಅನುಮಾನವಿರುವ ಮತ ಯಾರಿಗೂ ಸೇರುವುದಿಲ್ಲ. ಮುದ್ರೆ ಸ್ವಲ್ಪ ಮಸುಕಾಯಿತೆಂದು, ಒಬ್ಬರ ಮನೆಯಲ್ಲೇ ಎರಡು ಸಲ ಬಿತ್ತೆಂದು ಗಾಬರಿ ಬೇಡ. ನಿಮ್ಮ ಇಚ್ಛೆ ಸ್ಪಷ್ಟವಾಗಿ ಕಂಡರೆ ಅಂಥ ಸಣ್ಣ ಕಾರಣಕ್ಕೆ ಮತವನ್ನು ತಿರಸ್ಕರಿಸುವುದಿಲ್ಲ.

ಅಲ್ಲಿ ಕೊಟ್ಟ ಮೊಹರನ್ನೇ ಬಳಸಿ. ಜೇಬಿನ ಪೆನ್ನು ಬೇಡ. ಹೆಸರು, ಸಹಿ, ಅಭ್ಯರ್ಥಿಗೆ ಹರಕೆ, ಬೈಗುಳ, ಯಾವುದನ್ನೂ ಬರೆಯಬೇಡಿ.

ಮುದ್ರೆ ಒತ್ತಿದ ಮೇಲೆ ಮಡಚುವುದು. ಇದಕ್ಕೂ ಒಂದು ಕ್ರಮವಿದೆ. ಮೊದಲು ಉದ್ದಕ್ಕೆ ಮಡಚಿ, ಅಂದರೆ ಬಲಗಡೆಯ ಅಂಚು ಎಡಗಡೆಯ ಅಂಚಿಗೆ ಬರುವಂತೆ. ಆಮೇಲೆ ಮೇಲಿನಿಂದ ಕೆಳಕ್ಕೆ ಅಡ್ಡಲಾಗಿ ಮಡಚಿ. ಯಾಕೆ ಗೊತ್ತೇ? ಶಾಯಿ ಹಸಿಯಾಗಿರುತ್ತದೆ. ಉದ್ದಕ್ಕೆ ಮಡಚಿದರೆ ಹಸಿ ಶಾಯಿ ಅಂಟಿದರೂ ಅದೇ ಅಭ್ಯರ್ಥಿಯ ಸಾಲಿನಲ್ಲೇ ಅಂಟುತ್ತದೆ. ಮೊದಲೇ ಅಡ್ಡಲಾಗಿ ಮಡಚಿದರೆ ಮೇಲಿನವರ ಮುದ್ರೆಯ ಕಲೆ ಕೆಳಗಿನವರ ಸಾಲಿಗೆ ಇಳಿಯುತ್ತದೆ. ಒಂದು ಗಳಿಗೆ ಆರಲು ಬಿಟ್ಟು ಮಡಚಿದರೆ ಇನ್ನೂ ಒಳ್ಳೆಯದು. ಮಡಚಿದ್ದನ್ನು ಅಧಿಕಾರಿಯ ಎದುರು ನೀವೇ ಪೆಟ್ಟಿಗೆಯೊಳಗೆ ಹಾಕಿ. ಹೊರಗೆ ಒಯ್ಯುವ ಹಾಗಿಲ್ಲ.

ಕೈ ತಪ್ಪಿ ಬೇರೆಯವರಿಗೆ ಒತ್ತಿದಿರಿ, ಕಾಗದ ಹರಿಯಿತು, ಶಾಯಿ ಚೆಲ್ಲಿತು ಎನ್ನಿ. ಅಳುತ್ತಾ ಹಾಗೇ ಪೆಟ್ಟಿಗೆಗೆ ಹಾಕಬೇಡಿ. ಪೆಟ್ಟಿಗೆಗೆ ಹಾಕುವ ಮುಂಚೆ ಅಧ್ಯಕ್ಷಾಧಿಕಾರಿಯ ಹತ್ತಿರ ಹೋಗಿ, "ಕೈತಪ್ಪಿನಿಂದ ಹಾಳಾಯಿತು" ಎಂದು ಹೇಳಿ ಹಿಂದಿರುಗಿಸಿ. ಅವರಿಗೆ ಮನವರಿಕೆಯಾದರೆ ಅದನ್ನು ರದ್ದು ಮಾಡಿ ಹೊಸದನ್ನು ಕೊಡುತ್ತಾರೆ. ಹಾಗೆಯೇ ನೀವು ಹೋಗುವಷ್ಟರಲ್ಲಿ ನಿಮ್ಮ ಹೆಸರಿನಲ್ಲಿ ಯಾರೋ ಮತ ಹಾಕಿಬಿಟ್ಟಿದ್ದರೆ ಸುಮ್ಮನೆ ಮನೆಗೆ ಬರಬೇಡಿ. ನೀವು ನೀವೇ ಎಂದು ಸಾಬೀತಾದರೆ ಟೆಂಡರ್ ಮತಪತ್ರ ಕೇಳಿ ಪಡೆಯುವ ಹಕ್ಕು ನಿಮಗಿದೆ. ಅದನ್ನು ಪೆಟ್ಟಿಗೆಗೆ ಹಾಕದೆ ಬೇರೆ ಲಕೋಟೆಯಲ್ಲಿ ಇಡುತ್ತಾರೆ.

ಕಣ್ಣು ಕಾಣದವರು, ಕೈ ನಡುಗಿ ಮೊಹರು ಹಿಡಿಯಲಾಗದವರು ಒಬ್ಬ ಸಂಗಾತಿಯನ್ನು ಒಳಗೆ ಕರೆದುಕೊಂಡು ಹೋಗಬಹುದು. ಆ ಸಂಗಾತಿಗೆ 18 ವರ್ಷ ತುಂಬಿರಬೇಕು. ಒಂದು ದಿನದಲ್ಲಿ ಒಬ್ಬರು ಒಬ್ಬರಿಗೆ ಮಾತ್ರ ಸಂಗಾತಿಯಾಗಬಹುದು. ಗುಟ್ಟು ಹೊರಗೆಡಹುವುದಿಲ್ಲ ಎಂದು ಬರೆದುಕೊಡಬೇಕು. ಸಂಗಾತಿಯ ಕೈ ನಿಮ್ಮದು, ಇಚ್ಛೆ ನಿಮ್ಮದು. ಮಗನೇ ಆಗಲಿ, ಸೊಸೆಯೇ ಆಗಲಿ, ಅವ್ವ ಹೇಳಿದಲ್ಲಿ ಒತ್ತಬೇಕೇ ಹೊರತು ತಮಗೆ ಬೇಕಾದಲ್ಲಿ ಒತ್ತಿದರೆ ಅದು ಕಳವು. ಆ ಕಳವಿಗೆ ಸಾಕ್ಷಿ ಯಾರೂ ಇರುವುದಿಲ್ಲ, ನಿಮ್ಮ ಎದೆಯ ಮೇಲಿನ ಲಿಂಗ ಒಂದನ್ನು ಬಿಟ್ಟು.

ಇನ್ನು ಓದಿದವರ ಕಡೆ ಬರೋಣ. ಇಷ್ಟು ಹೊತ್ತು ಇಲ್ಲಿರುವ ಪದವೀಧರರು, ಉಪಾಧ್ಯಾಯರು "ಇದು ನಮಗಲ್ಲ" ಎಂದು ಕೂತಿದ್ದಿರಿ. ನಿಮ್ಮ ಮತಗಳೇ ಹೆಚ್ಚು ಹಾಳಾಗುವ ಒಂದು ಚುನಾವಣೆ ಇದೆ. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಪದವೀಧರ ಕ್ಷೇತ್ರಗಳಿಂದ, 7 ಶಿಕ್ಷಕರ ಕ್ಷೇತ್ರಗಳಿಂದ ಬರುತ್ತವೆ. ಅಲ್ಲಿ ಮೊಹರು ಇಲ್ಲ, ಯಂತ್ರವೂ ಇಲ್ಲ. ಪ್ರಾಶಸ್ತ್ಯದ ಅಂಕಿ ಬರೆಯಬೇಕು. ನಿಮಗೆ ಎಲ್ಲರಿಗಿಂತ ಬೇಕಾದವರ ಹೆಸರಿನ ಮುಂದೆ 1 ಎಂದು ಬರೆಯಿರಿ. ಆಮೇಲೆ ಇಷ್ಟವಿದ್ದರೆ 2, 3 ಎಂದು ಮುಂದುವರಿಸಿ. ಮುಂದಿನ ಅಂಕಿಗಳು ನಿಮ್ಮ ಇಚ್ಛೆ, 1 ಮಾತ್ರ ಕಡ್ಡಾಯ. 1 ಇಲ್ಲದ ಮತಪತ್ರ ಅಸಿಂಧು. ಇಬ್ಬರಿಗೆ 1 ಬರೆದರೂ ಅಸಿಂಧು. ಒಬ್ಬರ ಮುಂದೆಯೇ 1 ಮತ್ತು 2 ಎರಡನ್ನೂ ಬರೆದರೂ ಅಸಿಂಧು. "ಒಂದು" ಎಂದು ಅಕ್ಷರದಲ್ಲಿ ಬರೆದರೂ ಅಸಿಂಧು. ಕನ್ನಡದ ೧ ಎಂಬ ಅಂಕಿಗೆ ಅವಕಾಶವಿದೆ. ಮತಗಟ್ಟೆಯಲ್ಲಿ ಕೊಡುವ ನೇರಳೆ ಬಣ್ಣದ ಪೆನ್ನಿನಲ್ಲೇ ಬರೆಯಬೇಕು, ನಿಮ್ಮ ಪೆನ್ನಿನಲ್ಲಿ ಬರೆದರೆ ಹೋಯಿತು.

ನಮ್ಮ ಶಿಕ್ಷಕರಿಗೆ ಒಂದು ಚಟ. ಕೈಗೆ ಕಾಗದ ಬಂದರೆ ಸಾಕು, ರೈಟ್ ಮಾರ್ಕ್ ಹಾಕಿ ಕೆಳಗೆ ಸಹಿ ಮಾಡಿಬಿಡುವುದು! ಜೀವಮಾನವೆಲ್ಲ ಉತ್ತರ ಪತ್ರಿಕೆ ತಿದ್ದಿದ ಕೈ ಅದು. ಆದರೆ ಇಲ್ಲಿ ರೈಟ್ ಹಾಕಿದರೆ ಮತ ರಾಂಗ್. ಸಹಿ ಹಾಕಿದರೆ ಗುಟ್ಟೂ ಹೋಯಿತು, ಮತವೂ ಹೋಯಿತು.

ಎಣಿಕೆಗೆ ಹೋಗಿದ್ದ ನನ್ನ ಸಹೋದ್ಯೋಗಿಯೊಬ್ಬರು ಹೇಳಿದ ಮಾತು. ಒಂದು ಮತಪತ್ರದ ನೆತ್ತಿಯ ಮೇಲೆ ಚಂದದ ಅಕ್ಷರದಲ್ಲಿ "ಶ್ರೀ ಗುರು ಬಸವಲಿಂಗಾಯ ನಮಃ" ಎಂದು ಬರೆದಿತ್ತಂತೆ. ಯಾರೋ ನಮ್ಮವರೇ. ಕಾಗದ ಬರೆಯಲು ಕೂತರೆ, ಖಾತೆ ಪುಸ್ತಕ ತೆರೆದರೆ ಮೊದಲು ಬರೆಯುವುದು ಅದನ್ನೇ ಅಲ್ಲವೇ? ಆ ಅಭ್ಯಾಸದಲ್ಲಿ ಬರೆದಿದ್ದಾರೆ. ಕೆಳಗೆ 1 ಸರಿಯಾಗಿಯೇ ಇತ್ತು. ಏಜೆಂಟರು ಇದು ಗುರುತಿನ ಬರಹ ಎಂದು ತಕರಾರು ತೆಗೆದರು, ಜಗಳವಾಯಿತು, ಕೊನೆಗೆ ಆ ಮತ ತಿರಸ್ಕೃತರ ಕಟ್ಟಿಗೆ ಸೇರಿತು. ಬಸವಣ್ಣನ ಹೆಸರು ಬರೆದ ಕಾಗದವೇ ಎಣಿಕೆಯಿಂದ ಹೊರಗೆ ಬಿತ್ತಲ್ಲ ಎಂದು ಅವರು ನೊಂದುಕೊಂಡು ಹೇಳಿದರು.

ನಾನು ಅವರಿಗೆ ಒಂದು ಮಾತು ಹೇಳಿದೆ. ಶರಣರು ಸಾವಿರಾರು ವಚನ ಬರೆದರು, ಅವರಲ್ಲಿ ಹೆಚ್ಚಿನವರು ಕೆಳಗೆ ತಮ್ಮ ಹೆಸರನ್ನು ಬರೆದುಕೊಳ್ಳಲಿಲ್ಲ. ಬಸವಣ್ಣನವರ ವಚನದ ಕೊನೆಗೆ ಬರುವುದು ಕೂಡಲಸಂಗಮದೇವ, ಅಕ್ಕನ ವಚನದ ಕೊನೆಗೆ ಬರುವುದು ಚೆನ್ನಮಲ್ಲಿಕಾರ್ಜುನ. ಅಂಥ ಅಂಕಿತದಲ್ಲಿ "ನಾನು" ಇಲ್ಲ. ಮತಪತ್ರವೂ ಅಂಥದ್ದೇ ಒಂದು ಕಾಗದ. ಅಲ್ಲಿ ನಮ್ಮ ಹೆಸರಿಗೆ ಜಾಗವಿಲ್ಲ, ನಮ್ಮ ಗುರುವಿನ ಹೆಸರಿಗೂ ಜಾಗವಿಲ್ಲ. ಗುರುವಿನ ನೆನಹು ಎದೆಯಲ್ಲಿರಲಿ, ಕಾಗದದ ಮೇಲೆ ಗುರುತು ಒಂದೇ ಇರಲಿ.

ಮತಯಂತ್ರದ ಬಗ್ಗೆಯೂ ಎರಡು ಮಾತು. ಲೋಕಸಭೆ, ವಿಧಾನಸಭೆಯಲ್ಲಿ ನಿಮ್ಮ ಅಭ್ಯರ್ಥಿಯ ಹೆಸರಿನ ಮುಂದಿನ ನೀಲಿ ಗುಂಡಿ ಒತ್ತಿ. ಕೆಂಪು ದೀಪ ಹತ್ತುತ್ತದೆ. ಪಕ್ಕದ ವಿವಿಪ್ಯಾಟ್ ಯಂತ್ರದ ಗಾಜಿನಲ್ಲಿ ಹೆಸರು, ಚಿಹ್ನೆ ಇರುವ ಚೀಟಿ 7 ಸೆಕೆಂಡು ಕಾಣುತ್ತದೆ. ನೋಡಿಕೊಂಡು, ಉದ್ದನೆಯ ಬೀಪ್ ಶಬ್ದ ಕೇಳಿಸಿಕೊಂಡು ಬನ್ನಿ. ಗುಂಡಿ ಒತ್ತಿದ ಕೂಡಲೇ ಓಡಿ ಬರಬೇಡಿ. ಈ ಚುನಾವಣೆಗಳಲ್ಲಿ 85 ವರ್ಷ ದಾಟಿದವರು, ಶೇಕಡಾ 40ಕ್ಕಿಂತ ಕಡಿಮೆಯಿಲ್ಲದ ಅಂಗವಿಕಲತೆ ಇರುವವರು ಮೊದಲೇ ಅರ್ಜಿ ಕೊಟ್ಟರೆ ಮನೆಗೇ ಅಂಚೆ ಮತಪತ್ರ ಬರುತ್ತದೆ. ಚುನಾವಣಾ ಕರ್ತವ್ಯದ ನೌಕರರಿಗೂ ಅಂಚೆ ಮತವಿದೆ. ಅದರಲ್ಲಿ ಆಗುವ ದೊಡ್ಡ ತಪ್ಪು ಒಂದೇ: ಘೋಷಣಾ ಪತ್ರವನ್ನು ಮತಪತ್ರದ ಜೊತೆ ಸಣ್ಣ ಲಕೋಟೆಯೊಳಗೆ ಹಾಕಿ ಅಂಟಿಸಿಬಿಡುವುದು. ಸಣ್ಣ ಲಕೋಟೆಯಲ್ಲಿ ಮತಪತ್ರ ಮಾತ್ರ. ಘೋಷಣಾ ಪತ್ರ ದೃಢೀಕರಣದ ಸಹಿಯೊಂದಿಗೆ ಹೊರಗೆ, ದೊಡ್ಡ ಲಕೋಟೆಯಲ್ಲಿ ಇರಬೇಕು.

ಕೊನೆಯದಾಗಿ, ಕಷ್ಟದ ಮಾತು. ಮುದ್ರೆ ಸರಿಯಾದ ಮನೆಯಲ್ಲಿ ಬಿದ್ದರೂ ಮತ ಹಾಳಾಗುವುದುಂಟು. ಯಾವ ಅಧಿಕಾರಿಯೂ ಅದನ್ನು ತಿರಸ್ಕೃತರ ಕಟ್ಟಿಗೆ ಹಾಕುವುದಿಲ್ಲ, ಅದು ಎಣಿಕೆಗೂ ಬರುತ್ತದೆ. ಆದರೂ ಅದು ಹಾಳಾದ ಮತವೇ.

ನಿಮಗೆಲ್ಲ ಗೊತ್ತಿರುವ ಸಂಗತಿ ಹೇಳುತ್ತೇನೆ. ಚುನಾವಣೆಯ ಹಿಂದಿನ ರಾತ್ರಿ ಮನೆಗೆ ಬರುತ್ತಾರೆ. ಸೀರೆಯೋ ಹಣವೋ ಕೈಗಿಡುತ್ತಾರೆ. ಆಮೇಲೆ "ಲಿಂಗ ಮುಟ್ಟಿ ಆಣೆ ಮಾಡು" ಎನ್ನುತ್ತಾರೆ. ವಿಭೂತಿ ಗಟ್ಟಿ ಮುಟ್ಟಿಸುತ್ತಾರೆ. ಬಸವಣ್ಣ ಕೊಟ್ಟ ಇಷ್ಟಲಿಂಗ ನಮಗೆ ಯಾರ ಹಂಗೂ ಬೇಡ, ನಡುವೆ ಯಾವ ಪೂಜಾರಿಯೂ ಬೇಡ ಎಂದು ಹೇಳಲು ಬಂದದ್ದು. ಅದನ್ನೇ ಹಿಡಿದು ನಮ್ಮನ್ನು ಹಂಗಿನಲ್ಲಿ ಕಟ್ಟಿಹಾಕುವುದಕ್ಕಿಂತ ದೊಡ್ಡ ಅವಮಾನ ಆ ಲಿಂಗಕ್ಕೆ ಇನ್ನೊಂದಿಲ್ಲ. ಕಾನೂನಿನ ಪ್ರಕಾರ ಹಣ ಕೊಟ್ಟವರೂ ಪಡೆದವರೂ ಇಬ್ಬರೂ ಅಪರಾಧಿಗಳು. ಶರಣರ ದಾರಿಯಲ್ಲಂತೂ ಪ್ರಶ್ನೆಯೇ ಇಲ್ಲ. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಗಂಡನನ್ನೇ ವಾಪಸು ಕಳಿಸಿದಳು. ಬಡತನ ಅವಳ ಮನೆಯಲ್ಲೂ ಇತ್ತು. ಅಂಗಳದಲ್ಲಿ ಬಿದ್ದ ಅಕ್ಕಿಯನ್ನೇ ಬೇಡ ಎಂದವಳ ಮಕ್ಕಳು ನಾವು ಎಂದು ಹೇಳಿಕೊಳ್ಳುತ್ತೇವೆ.

ಭಯದಿಂದ ಆಣೆ ಮಾಡಿದವರು ಇದ್ದರೆ ಅವರಿಗೆ ಒಂದು ಧೈರ್ಯದ ಮಾತು: ಮತಗಟ್ಟೆಯ ಆ ಮರೆಯೊಳಗೆ ನಿಮ್ಮ ಜೊತೆ ಯಾರೂ ಇರುವುದಿಲ್ಲ. ನೀವು ಯಾರಿಗೆ ಒತ್ತಿದಿರಿ ಎಂದು ಕೊಟ್ಟವನಿಗೂ ಗೊತ್ತಾಗುವುದಿಲ್ಲ, ಗೌಡರಿಗೂ ಗೊತ್ತಾಗುವುದಿಲ್ಲ, ಗಂಡನಿಗೂ ಗೊತ್ತಾಗುವುದಿಲ್ಲ. ಗುರುತು ಮಾಡಿದ ಮತಪತ್ರವನ್ನು ಬಿಚ್ಚಿ ತೋರಿಸಿದರೆ ಅಧಿಕಾರಿ ಅದನ್ನು ಕಿತ್ತುಕೊಂಡು ರದ್ದು ಮಾಡಬಹುದು. ಮೊಬೈಲಿನಲ್ಲಿ ಫೋಟೋ ತೆಗೆದು ತಾ ಎಂದು ಯಾರಾದರೂ ಹೇಳಿದರೆ, ಒಳಗೆ ಮೊಬೈಲ್ ಬಿಡುವುದಿಲ್ಲ ಎಂದು ಹೇಳಿ. ಆ ಗುಟ್ಟು ಬಡವರಿಗಾಗಿ, ಸೊಸೆಯಂದಿರಿಗಾಗಿ, ಕೂಲಿಯವರಿಗಾಗಿ ಇಟ್ಟ ಬಾಗಿಲು. ಅದನ್ನು ಗಟ್ಟಿಯಾಗಿ ಹಾಕಿಕೊಳ್ಳಿ.

ಕೆಲವು ಊರುಗಳಲ್ಲಿ ಪಂಚಾಯಿತಿ ಸ್ಥಾನವನ್ನು ಗುಡಿಯ ಮುಂದೆ ಹರಾಜು ಹಾಕಿ, ಬಂದ ಹಣವನ್ನು ದೇವಸ್ಥಾನಕ್ಕೆ ಕೊಟ್ಟು "ಅವಿರೋಧ ಆಯ್ಕೆ" ಎಂದು ಬೀಗುವುದೂ ನಡೆಯುತ್ತದೆ. ಅಲ್ಲಿ ಯಾರ ಮತಪತ್ರವೂ ಹಾಳಾಗುವುದಿಲ್ಲ, ಯಾಕೆಂದರೆ ಯಾರ ಕೈಗೂ ಮತಪತ್ರವೇ ಬರುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಅಂಥ ಹರಾಜಿನ ಮಾತು ಬಂದರೆ ಬೇಡ ಎಂದು ಎದ್ದು ನಿಲ್ಲುವವರು ಈ ಸಭೆಯಿಂದಲೇ ಬರಬೇಕು.

ಈ ಗದ್ದುಗೆಯ ಮುಂದೆ ನಿಂತು ಇಂಥವರಿಗೆ ಮತ ಹಾಕಿ ಎಂದು ನಾನು ಹೇಳುವುದಿಲ್ಲ. ಹೇಳಿದರೆ ಅಪ್ಪಗಳವರೇ ನನ್ನನ್ನು ಕೆಳಗಿಳಿಸುತ್ತಾರೆ. ನಮ್ಮವರು, ನಮ್ಮ ಪಂಗಡದವರು ಎಂದು ಬಂದು ಕೇಳುವವರಿಗೂ ಇದೇ ಉತ್ತರ. ಕೆರೆಗೆ ನೀರು, ಕೇರಿಗೆ ನಲ್ಲಿ, ಶಾಲೆಗೆ ಕೋಣೆ ಯಾರು ತರುತ್ತಾರೆ ಎಂದು ನೀವೇ ವಿಚಾರ ಮಾಡಿ.

ನನ್ನ ಬೇಡಿಕೆ ಒಂದೇ. ಇಲ್ಲಿ ಕೂತಿರುವ ಪ್ರತಿಯೊಬ್ಬರೂ ನಿಮ್ಮ ಓಣಿಯ ಇಬ್ಬರು ಹಿರಿಯರ ಜೊತೆ ಅರ್ಧ ಗಂಟೆ ಕೂತು ಇದನ್ನು ಮಾಡಿಸಿ. ಬಾಯಲ್ಲಿ ಹೇಳಿದರೆ ಸಾಲದು, ಕೈಯಿಂದಲೇ ಮಾಡಿಸಬೇಕು. ಬಿಳಿ ಹಾಳೆಯ ಮೇಲೆ ಗೆರೆ ಎಳೆಯಿರಿ. ಅಭ್ಯರ್ಥಿಗಳ ಹೆಸರು ಬೇಡ. ಜೋಳ, ಕಡಲೆ, ತೊಗರಿ, ಗೋಧಿ, ಸಜ್ಜೆ ಎಂದು ಬರೆದು ಚಿತ್ರ ಹಾಕಿ. ಬಾಟಲಿಯ ಮುಚ್ಚಳಕ್ಕೆ ಶಾಯಿ ಹಚ್ಚಿ ಕೊಡಿ. "ಮೂರು ಸ್ಥಾನ ಇದೆ ಅವ್ವಾ, ನಿನಗೆ ಬೇಕಾದ ಮೂರು ಕಾಳಿಗೆ ಒತ್ತು" ಎನ್ನಿ. ಒತ್ತಿದ ಮೇಲೆ ಮಡಚಿಸಿ, ಬಿಚ್ಚಿ, ಶಾಯಿ ಎಲ್ಲಿ ಅಂಟಿದೆ ತೋರಿಸಿ. ಎರಡು ಸಲ ಮಾಡಿದರೆ ಸಾಕು, ಮತ್ತೆ ಮರೆಯುವುದಿಲ್ಲ. ಕೇರಿಯ ಕಡೆಗೂ ಹೋಗಿ, ಅಲ್ಲಿಯ ಹಿರಿಯರ ಜೊತೆಗೂ ಕೂಡಿ. ನಮ್ಮವರಿಗೆ ಮಾತ್ರ ಕಲಿಸಿ ಬಂದರೆ ಅದು ದಾಸೋಹ ಆಗುವುದಿಲ್ಲ.

ಆ ಎಣಿಕೆಯ ನಂತರದ ಚುನಾವಣೆಗೆ ನನ್ನ ಅವ್ವನಿಗೆ ನಾನು ಇದನ್ನೇ ಮಾಡಿಸಿದೆ. ಅಡುಗೆ ಮನೆಯಲ್ಲಿ ಕೂತು ಜೋಳಕ್ಕೂ ತೊಗರಿಗೂ ಮುದ್ರೆ ಒತ್ತಿ ನಕ್ಕಳು. ಮತ ಹಾಕಿ ಬಂದ ದಿನ ಕೇಳಿದೆ, "ಸರಿಯಾಗಿ ಒತ್ತಿದೆಯಾ ಅವ್ವಾ?" "ಒತ್ತಿದೆ." "ಯಾರಿಗೆ ಒತ್ತಿದೆ?" ಅವ್ವ ನನ್ನ ಮುಖ ನೋಡಿ, "ಅದನ್ನ ಕೇಳಬಾರದು ಅಂತ ನೀನೇ ಹೇಳಿದ್ಯಲ್ಲ" ಎಂದು ಒಳಗೆ ಹೋದಳು. ಈಗ ಅವ್ವ ಲಿಂಗೈಕ್ಯಳಾಗಿದ್ದಾಳೆ. ಯಾರಿಗೆ ಒತ್ತಿದಳು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲದಿರುವುದೇ ನನಗೆ ಸಂತೋಷ.

ಈಗ ಅಕ್ಕನ ಬಳಗದ ತಾಯಂದಿರು ಹಾಳೆ ಮತ್ತು ಮುಚ್ಚಳ ಹಂಚುತ್ತಾರೆ. ಪ್ರಸಾದಕ್ಕೆ ಹೋಗುವ ಮುಂಚೆ ಎಲ್ಲರೂ ಒಂದು ಸಲ ಒತ್ತಿ, ಮಡಚಿ, ಆ ಬುಟ್ಟಿಗೆ ಹಾಕಿ. ಆಮೇಲೆ ಎಲ್ಲರ ಎದುರು ಬಿಚ್ಚಿ ಎಣಿಸೋಣ. ಎಷ್ಟು ಹಾಳಾಗಿವೆ ನೋಡೋಣ. ಹಾಳಾದದ್ದು ಇಲ್ಲೇ ಹಾಳಾಗಲಿ, ಅಲ್ಲಿ ಬೇಡ.